ಸೂರ್ಯಕಾಂತಿ ಹೊಲದ ಬದುವಿನಲ್ಲಿ ಪಾರ್ಥೇನಿಯಂ: ಹೂ ಬಿಡುವ ಮುನ್ನವೇ ಗುರುತಿಸಿ

ಚಾಮರಾಜನಗರ, ಗುಂಡ್ಲುಪೇಟೆ ಕಡೆ ಮುಂಗಾರಿಗೆ ಮೊದಲು ಒಂದೆರಡು ಹದ ಮಳೆ ಬಿದ್ದರೆ ಸಾಕು, ಹೊಲದ ಬದು, ತಿಪ್ಪೆಯ ಸುತ್ತ, ಹೆದ್ದಾರಿಯ ಅಂಚಿನಲ್ಲೆಲ್ಲ ತಿಳಿಹಸಿರು ಸಸಿಗಳು ನೆಲಕ್ಕೆ ಅಂಟಿಕೊಂಡು ಹರಡುತ್ತವೆ. ಎಲೆ ನೋಡಿದರೆ ಕ್ಯಾರೆಟ್ ಸೊಪ್ಪಿನಂತೆ ಸೀಳುಸೀಳು. ಇದೇ ಪಾರ್ಥೇನಿಯಂ, ಊರಮಾತಿನಲ್ಲಿ ಕಾಂಗ್ರೆಸ್ ಗಿಡ. ಬಿಳಿ ಹೂ ತುಂಬಿ ನಿಂತಾಗ ಇದನ್ನು ಗುರುತಿಸದ ರೈತರಿಲ್ಲ. ಆದರೆ ಅಷ್ಟು ಹೊತ್ತಿಗೆ ಕಾಲ ಮಿಂಚಿರುತ್ತದೆ. ಅದರಲ್ಲೂ ಸೂರ್ಯಕಾಂತಿ ಬೆಳೆಯುವವರು ಈ ಗಿಡವನ್ನು ಹೂವಿನಿಂದಲ್ಲ, ಎಲೆಯಿಂದಲೇ ಗುರುತು ಹಿಡಿಯುವುದನ್ನು ಕಲಿಯಬೇಕು.

ಕಾರಣ ಹೀಗಿದೆ. ಸೂರ್ಯಕಾಂತಿಯ ಎಲೆಯಲ್ಲಿ ಅಡ್ಡಾದಿಡ್ಡಿ ಸುಟ್ಟ ಮಚ್ಚೆಗಳು ಕಾಣಿಸಿಕೊಂಡು, ತೊಟ್ಟು ಮತ್ತು ಕಾಂಡಕ್ಕೂ ಕಪ್ಪು ಇಳಿದು, ಗಿಡ ಕುಳ್ಳಾಗಿ, ತೆನೆ ಸೊಟ್ಟಗಾಗಿ ಕಾಳು ಜೊಳ್ಳಾಗುವ ನೆಕ್ರೋಸಿಸ್ ರೋಗವನ್ನು ಹಲವರು ಕಂಡಿರಬಹುದು. ನಮ್ಮ ರಾಜ್ಯದಲ್ಲಿ ಇದು 1997ರಲ್ಲಿ ಬಾಗೇಪಲ್ಲಿಯಲ್ಲಿ ಬೆಳಕಿಗೆ ಬಂತು. ರೋಗ ತರುವುದು ಟೊಬ್ಯಾಕೊ ಸ್ಟ್ರೀಕ್ ಎಂಬ ನಂಜಾಣು. ಪಾರ್ಥೇನಿಯಂ ಈ ನಂಜಾಣುವನ್ನು ಒಡಲಲ್ಲಿ ಇಟ್ಟುಕೊಂಡೂ ರೋಗದ ಯಾವ ಚಿಹ್ನೆಯನ್ನೂ ತೋರಿಸದೆ ಹಸಿರಾಗಿಯೇ ನಿಂತಿರುತ್ತದೆ. ಅದರ ಪರಾಗದಲ್ಲಿ ನಂಜಾಣು ಇರುತ್ತದೆ. ಹೂವಿನಲ್ಲಿ ಓಡಾಡುವ ಥ್ರಿಪ್ಸ್ ನುಸಿಗಳು ಪರಾಗವನ್ನು ಮೈಗೆ ಅಂಟಿಸಿಕೊಂಡು ಸೂರ್ಯಕಾಂತಿಗೆ ಹಾರುತ್ತವೆ. ಅವು ಎಲೆ ಕೆರೆದು ರಸ ಹೀರಿದ ಗಾಯದ ಮೂಲಕ ನಂಜಾಣು ಬೆಳೆಯೊಳಗೆ ಇಳಿಯುತ್ತದೆ. ಒಮ್ಮೆ ರೋಗ ಹತ್ತಿದ ಗಿಡವನ್ನು ಗುಣಪಡಿಸುವ ಔಷಧಿಯಿಲ್ಲ. 2000ದಲ್ಲಿ ಇದೇ ನಂಜಾಣು ನೆರೆಯ ಅನಂತಪುರ ಜಿಲ್ಲೆಯ ಶೇಂಗಾಕ್ಕೆ ಬಿದ್ದು ಸುಮಾರು 2.25 ಲಕ್ಷ ಹೆಕ್ಟೇರ್‌ನಲ್ಲಿ ಹಾವಳಿ ಮಾಡಿತು. ಕಡಲೆಕಾಯಿ ಹಾಕುವವರಿಗೂ ಈ ಮಾತು ಸಲ್ಲುತ್ತದೆ.

ಹಾಗಾದರೆ ಎಳೆಯದರಲ್ಲಿ ಗುರುತಿಸುವುದು ಹೇಗೆ? ಮೊಳೆತ ಕೂಡಲೇ ಬರುವ ಒಂದೆರಡು ಎಲೆಗಳು ದುಂಡಗಿದ್ದು ಏನೂ ಹೇಳುವುದಿಲ್ಲ. ಆಮೇಲೆ ಬರುವ ಎಲೆಗಳು ಆಳವಾಗಿ ಸೀಳುತ್ತವೆ, ಸೀಳಿನೊಳಗೆ ಮತ್ತೆ ಸೀಳು ಬರುತ್ತದೆ. ಕಾಂಡ ಏಳುವ ಮೊದಲು ಎಲೆಗಳೆಲ್ಲ ಒಂದೇ ಬುಡದಿಂದ ಚಕ್ರಾಕಾರವಾಗಿ ನೆಲಕ್ಕೆ ಮಲಗಿರುತ್ತವೆ. ಕೈಯಾಡಿಸಿದರೆ ಎಲೆಯ ಮೇಲೂ ಕೆಳಗೂ ನವಿರಾದ ರೋಮ. ಬಣ್ಣ ಕಡು ಹಸಿರಲ್ಲ, ಬೂದಿ ಬೆರೆತ ಹಸಿರು. ಬೇರು ನೇರ ಕೆಳಗಿಳಿದ ತಾಯಿಬೇರು. ಮುಂದೆ ಕಾಂಡ ಎದ್ದಾಗ ಅದರ ಮೇಲೆ ಉದ್ದುದ್ದ ಗೆರೆಗಳು ಏಣಿನಂತೆ ಎದ್ದು ಕಾಣುತ್ತವೆ, ಮೇಲ್ಭಾಗದಲ್ಲಿ ಕವಲು ಹೆಚ್ಚು.

ಈ ಭಾಗದಲ್ಲಿ ಚೆಂಡುಹೂ ಬೆಳೆಯುವವರು ಬಹಳ. ಕೂಲಿಯವರು ಕಳೆ ತೆಗೆಯುವಾಗ ಎರಡನ್ನೂ ಅದಲುಬದಲು ಮಾಡುವುದುಂಟು. ಎರಡೂ ಸೂರ್ಯಕಾಂತಿ ಕುಟುಂಬದವೇ. ಚೆಂಡುಹೂವಿನ ಎಲೆಗಳು, ಅದರಲ್ಲೂ ಬುಡದ ಕಡೆಯವು, ಕಾಂಡದ ಎರಡೂ ಬದಿಗೆ ಎದುರುಬದುರಾಗಿ ಜೋಡಿಯಲ್ಲಿ ಬರುತ್ತವೆ. ಕಿರುಎಲೆಗಳ ಅಂಚು ಗರಗಸದಂತೆ. ಬಿಸಿಲಿಗೆ ಹಿಡಿದರೆ ಎಣ್ಣೆಯ ಚುಕ್ಕೆಗಳು ಕಾಣುತ್ತವೆ, ಹೊಸಕಿದರೆ ಚೆಂಡುಹೂವಿನದೇ ಘಾಟು ವಾಸನೆ. ಪಾರ್ಥೇನಿಯಂ ಎಲೆಗಳು ಒಂದಾದ ಮೇಲೊಂದರಂತೆ ಬಿಡಿಯಾಗಿ ಬರುತ್ತವೆ, ಎಣ್ಣೆಯ ಚುಕ್ಕೆಯಿಲ್ಲ, ಆ ಘಾಟೂ ಇಲ್ಲ. ದವನ, ಮಾಚಿಪತ್ರೆಗಳ ಎಲೆ ಕೂಡ ಸೀಳಾಗಿದ್ದರೂ ಸುವಾಸನೆಯಿಂದಲೇ ಬೇರೆ ಎಂದು ತಿಳಿಯುತ್ತದೆ. ಬದುವಿನಲ್ಲಿ ತೆವಳುವ ಗಬ್ಬು ಶಾವಂತಿಯೂ ಬಿಳಿ ದಳದ್ದೇ, ಆದರೆ ಅದರ ಹೂವಿನ ನಡುವೆ ಹಳದಿ, ಉದ್ದ ತೊಟ್ಟಿಗೆ ಒಂದೇ ಹೂ.

ಅನುಮಾನ ಉಳಿದರೆ ಒಂದು ಹೂವನ್ನು ಅಂಗೈಯಲ್ಲಿಟ್ಟು ನೋಡಿ. ಅಗಲ ಬರೀ 4-5 ಮಿ.ಮೀ. ಸುತ್ತ ಸರಿಯಾಗಿ ಐದು ಮೂಲೆ, ಪ್ರತಿ ಮೂಲೆಗೂ ತುದಿ ಕಚ್ಚಿದಂಥ ಪುಟ್ಟ ದಳ. ಒಣಗಿದ ಮೇಲೆ ಉಜ್ಜಿದರೆ ಐದು ಕಪ್ಪು ಬೀಜ, ಒಂದೊಂದಕ್ಕೂ ಎರಡು ಬದಿಯಲ್ಲಿ ತೆಳುವಾದ ಬಿಳಿ ಹೊಟ್ಟು. ಆ ಹೊಟ್ಟಿನಿಂದಾಗಿ ಬೀಜ ನೀರಿನಲ್ಲಿ ತೇಲುತ್ತದೆ. ಟೈರಿನ ಕೆಸರು, ಟ್ರ್ಯಾಕ್ಟರಿನ ನೇಗಿಲು, ದನಕರುಗಳ ಗೊರಸು, ಅರಿಶಿನಕ್ಕೆಂದು ಹೊರಗಿನಿಂದ ತರಿಸುವ ಕೊಟ್ಟಿಗೆ ಗೊಬ್ಬರ, ಹೀಗೆ ಎಲ್ಲದರ ಜೊತೆಗೂ ಸಾಗುತ್ತದೆ. ಚೆನ್ನಾಗಿ ಬೆಳೆದ ಒಂದು ಗಿಡ 15ರಿಂದ 25 ಸಾವಿರ ಬೀಜ ಉದುರಿಸಬಲ್ಲದು. ತೇವ ಸಿಕ್ಕರೆ ಮೊಳೆತ ಒಂದೇ ತಿಂಗಳಿಗೆ ಹೂ ಬಿಡುತ್ತದೆ. ಹಾಗಾಗಿ ಮಳೆ ಬಿದ್ದ ಮೂರು ವಾರದೊಳಗೆ ಕಿತ್ತರೆ ಮಾತ್ರ ಪ್ರಯೋಜನ.

ಕೀಳುವುದಕ್ಕೆ ಮಳೆಯ ಮರುದಿನವೇ ಸರಿಯಾದ ಹೊತ್ತು, ಬೇರು ಸಮೇತ ಬರುತ್ತದೆ. ಕುಡುಗೋಲಿನಿಂದ ಸವರಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಬರಿಗೈಯಲ್ಲಿ ಮುಟ್ಟಬೇಡಿ: ಇದರಲ್ಲಿರುವ ಪಾರ್ಥೆನಿನ್ ಚರ್ಮಕ್ಕೆ ತುರಿಕೆ, ಗಾಯ ತರುತ್ತದೆ, ಪರಾಗದಿಂದ ಉಬ್ಬಸ ಬರುತ್ತದೆ. ಕೂಲಿಗೆ ಬರುವ ಹೆಣ್ಣುಮಕ್ಕಳಿಗೆ ಕೈಗವಸು ಕೊಡಿಸುವುದು ಹೊಲದವರ ಜವಾಬ್ದಾರಿ. ಹೂ ಬಾರದ ಗಿಡವನ್ನು ಗುಂಡಿಯಲ್ಲಿ ಸಗಣಿ, ಮಣ್ಣಿನ ಜೊತೆ ಪದರ ಪದರವಾಗಿ ಕೊಳೆಸಿದರೆ ಒಳ್ಳೆಯ ಗೊಬ್ಬರ. 2,4-ಡಿ ಸಿಂಪಡಿಸುವ ಆಸೆ ಬೇಡ, ಗಾಳಿಗೆ ತೇಲಿದ ಹನಿ ಪಕ್ಕದ ಸೂರ್ಯಕಾಂತಿ, ಹತ್ತಿಯನ್ನೇ ಸುರುಟಿಸುತ್ತದೆ.

ಬಿತ್ತುವಾಗ ಇನ್ನೆರಡು ಕೆಲಸ ಮಾಡಿ. ಸೂರ್ಯಕಾಂತಿಗೆ ಒಂದು ವಾರ ಮೊದಲೇ ಹೊಲದ ಸುತ್ತ ಮೂರ್ನಾಲ್ಕು ಸಾಲು ಜೋಳ ಹಾಕಿ, ಹಾರಿ ಬರುವ ನುಸಿಗೆ ಅದು ತಡೆ. ಸಂಸ್ಕರಿಸದ ಬೀಜವಾದರೆ ಕೆ.ಜಿ.ಗೆ 5 ಗ್ರಾಂ ಇಮಿಡಾಕ್ಲೋಪ್ರಿಡ್ 70 ಡಬ್ಲ್ಯೂ.ಎಸ್. ಬೆರೆಸಿ ಬಿತ್ತಿ.

ಮಳೆಗಾಲದಲ್ಲಿ ಪಾರ್ಥೇನಿಯಂ ಎಲೆ ತಿನ್ನುವ, ಕೆನೆಬಣ್ಣದ ಬೆನ್ನಿನ ಮೇಲೆ ಕಂದು ಗೆರೆಗಳಿರುವ ಸುಮಾರು 6 ಮಿ.ಮೀ. ಉದ್ದದ ದುಂಬಿ ಕಂಡರೆ ಔಷಧಿ ಹೊಡೆಯಬೇಡಿ. ಅದು ಮೆಕ್ಸಿಕೊದಿಂದ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ಝೈಗೋಗ್ರಾಮಾ. ಅದು ಸೂರ್ಯಕಾಂತಿಯನ್ನೂ ತಿನ್ನುತ್ತದೆ ಎಂಬ ಆತಂಕ ಒಮ್ಮೆ ಎದ್ದಿತ್ತು. ಪರೀಕ್ಷಿಸಿದಾಗ, ಸೂರ್ಯಕಾಂತಿ ಎಲೆಯ ಮೇಲೆ ಉದುರಿದ ಪಾರ್ಥೇನಿಯಂ ಪರಾಗವೇ ಅದನ್ನು ಸೆಳೆದಿತ್ತೆಂದು ತಿಳಿದುಬಂತು. ಪಾರ್ಥೇನಿಯಂ ನಿಯಂತ್ರಣಕ್ಕಾಗಿ ದುಡಿದವರಲ್ಲಿ ಚಾಮರಾಜನಗರದ ಮಾದಾಪುರದಲ್ಲಿ ಹುಟ್ಟಿದ ಭತ್ತದ ವಿಜ್ಞಾನಿ ಡಾ. ಎಂ. ಮಹದೇವಪ್ಪ ಒಬ್ಬರು. ಈ ಕಳೆಯ ಬಗ್ಗೆ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ 1997ರ ಅಕ್ಟೋಬರ್‌ನಲ್ಲಿ ನಡೆದದ್ದೂ ನಮ್ಮ ಧಾರವಾಡ ಕೃಷಿ ವಿಶ್ವವಿದ್ಯಾಲಯದಲ್ಲಿ.

ನಿಮ್ಮ ಹೊಲವೊಂದನ್ನೇ ಹಸನು ಮಾಡಿದರೆ ಸಾಲದು, ನುಸಿ ಪಕ್ಕದವರ ಬದುವಿನಿಂದಲೂ ಬರುತ್ತದೆ. ಬಿತ್ತನೆಗೆ ಮೊದಲೇ ಅಕ್ಕಪಕ್ಕದ ಹೊಲದವರು ಸೇರಿ ಬದು, ಕಾಲುದಾರಿ, ರಸ್ತೆಯಂಚನ್ನು ಒಂದೇ ದಿನ ಕಿತ್ತು ಮುಗಿಸಿ. ಗುರುತಿನಲ್ಲಿ ಸಂಶಯವಿದ್ದರೆ ಬೇರು ಸಮೇತ ಒಂದು ಗಿಡವನ್ನು ಹರದನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರಕ್ಕೋ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೋ ಒಯ್ದು ತೋರಿಸಿ. ಈಗಾಗಲೇ ಹೂ ಬಂದಿದ್ದರೆ ಅಂಥ ಗಿಡವನ್ನು ತಿಪ್ಪೆಗೆ ಮಾತ್ರ ಹಾಕಬೇಡಿ.