ಡಿಜಿಟಲ್ ಸಂಗ್ರಹವಸ್ತು ಮಾರುಕಟ್ಟೆಯ ಪುಟದಲ್ಲಿ ಕಾಣಿಸದಿದ್ದಾಗ: ಒಂದು ಕ್ರಮಬದ್ಧ ಪರಿಶೀಲನೆ

ಯಕ್ಷಗಾನದ ವೇಷ, ಕಂಬಳದ ಓಟ, ಬಸದಿಗಳ ಶಿಲ್ಪ ಮುಂತಾದ ವಿಷಯಗಳಿಗೆ ಬಂಟ್ವಾಳ, ಬೆಳ್ತಂಗಡಿ ಹಾಗೂ ಮೂಡುಬಿದಿರೆ ಪ್ರದೇಶದಲ್ಲಿ ಕೊರತೆಯಿಲ್ಲ. ಇಂತಹ ಚಿತ್ರಗಳನ್ನು ‘ಎನ್‌ಎಫ್‌ಟಿ’ ಎಂದು ಕರೆಯಲಾಗುವ ಡಿಜಿಟಲ್ ಸಂಗ್ರಹವಸ್ತುಗಳ ರೂಪದಲ್ಲಿ ಅಂತರ್ಜಾಲ ಮಾರುಕಟ್ಟೆಯಲ್ಲಿ ಮಾರುವುದೂ ಕೊಳ್ಳುವುದೂ ಸಾಧ್ಯವಾಗಿದೆ. ಆದರೆ ಹಣ ಪಾವತಿಯಾದ ಬಳಿಕ ಪುಟದಲ್ಲಿ ಚಿತ್ರದ ಬದಲು ಖಾಲಿ ಚೌಕ ಕಾಣಿಸಿದರೆ ಖರೀದಿದಾರನು ಗಾಬರಿಗೊಳ್ಳುವುದು ಸಹಜ. ಸ್ವತ್ತು ನಿಜವಾಗಿ ಕಳೆದುಹೋಗಿದೆಯೇ, ಅಥವಾ ಕೇವಲ ಪ್ರದರ್ಶನದ ದೋಷವೇ ಎಂಬುದನ್ನು ನಿರ್ಧರಿಸುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಮೂರು ಪ್ರತ್ಯೇಕ ಸ್ಥಳಗಳು

ಅಡಿಕೆ ವ್ಯಾಪಾರ ಬಲ್ಲವರಿಗೆ ಗೋದಾಮು ರಸೀದಿಯ ಪರಿಚಯವಿದೆ. ರಸೀದಿ ಒಂದು ಕಡೆ, ಸರಕು ಇನ್ನೊಂದು ಕಡೆ, ಅಂಗಡಿಯ ಮುಂದಿಟ್ಟ ಮಾದರಿ ಮತ್ತೊಂದು ಕಡೆ. ಎನ್‌ಎಫ್‌ಟಿಯ ರಚನೆಯೂ ಹೀಗೆಯೇ ಇದೆ. ಮಾಲೀಕತ್ವದ ದಾಖಲೆಯು ಈಥೀರಿಯಂ, ಪಾಲಿಗಾನ್ ಮೊದಲಾದ ಬ್ಲಾಕ್‌ಚೈನ್‌ನಲ್ಲಿರುತ್ತದೆ. ಹೆಸರು, ವಿವರಣೆ ಹಾಗೂ ಚಿತ್ರದ ವಿಳಾಸವನ್ನೊಳಗೊಂಡ ‘ಮೆಟಾಡೇಟಾ’ ಕಡತ ಮತ್ತು ಚಿತ್ರ ಸಾಮಾನ್ಯವಾಗಿ ಬೇರೆ ಸರ್ವರ್‌ನಲ್ಲಿರುತ್ತವೆ. ಬ್ಲಾಕ್‌ಚೈನ್‌ನಲ್ಲಿ ದೊಡ್ಡ ಕಡತವನ್ನಿಡುವುದು ಅತಿ ದುಬಾರಿಯಾದುದೇ ಇದಕ್ಕೆ ಕಾರಣ. ಮೂರನೆಯದಾಗಿ, 2017ರಲ್ಲಿ ಸ್ಥಾಪನೆಯಾದ ಓಪನ್‌ಸೀಯಂತಹ ಮಾರುಕಟ್ಟೆಗಳು ಇವೆರಡನ್ನೂ ಓದಿ, ತಮ್ಮಲ್ಲಿ ಒಂದು ಪ್ರತಿಯನ್ನಿರಿಸಿಕೊಂಡು ಪುಟದಲ್ಲಿ ತೋರಿಸುತ್ತವೆ.

2018ರಲ್ಲಿ ರೂಪುಗೊಂಡ ಇಆರ್‌ಸಿ-721 ಎಂಬ ಮಾನದಂಡದಲ್ಲಿ ಮಾಲೀಕತ್ವದ ದಾಖಲೆ ಕಡ್ಡಾಯ, ಮೆಟಾಡೇಟಾ ಭಾಗ ಐಚ್ಛಿಕ. ಆದುದರಿಂದ ರಸೀದಿ ಸರಿಯಾಗಿದ್ದು ಸರಕು ಕಾಣದಿರುವ ಸ್ಥಿತಿ ಸಂಭವನೀಯ.

ಪರಿಶೀಲನೆಯ ಹಂತಗಳು

1. ಮೊದಲು ಮಾಲೀಕತ್ವವನ್ನು ನೋಡಬೇಕು. ಈಥೀರಿಯಂನಲ್ಲಾದರೆ ಈಥರ್‌ಸ್ಕ್ಯಾನ್ ಎಂಬ ಸಾರ್ವಜನಿಕ ತಾಣದಲ್ಲಿ ಕಾಂಟ್ರಾಕ್ಟ್ ವಿಳಾಸ ಹಾಗೂ ಟೋಕನ್ ಸಂಖ್ಯೆಯನ್ನು ನಮೂದಿಸಿದರೆ ಮಾಲೀಕನ ವ್ಯಾಲೆಟ್ ವಿಳಾಸ ದೊರೆಯುತ್ತದೆ. ಅದು ತಮ್ಮದೇ ಆಗಿದ್ದರೆ ಸ್ವತ್ತಿನ ದಾಖಲೆ ಸುರಕ್ಷಿತ.

2. ಮಾರುಕಟ್ಟೆಗೆ ಜೋಡಿಸಿದ ವ್ಯಾಲೆಟ್ ಮತ್ತು ಜಾಲ ಸರಿಯಾದುವೇ ಎಂದು ಗಮನಿಸಬೇಕು. ಪಾಲಿಗಾನ್‌ನಲ್ಲಿರುವ ವಸ್ತು ಈಥೀರಿಯಂನ ಪಟ್ಟಿಯಲ್ಲಿ ಸಿಗದು. ಅನಪೇಕ್ಷಿತ ವಸ್ತುಗಳನ್ನು ತಡೆಯುವ ಸಲುವಾಗಿ ಮಾರುಕಟ್ಟೆಗಳು ಕೆಲವನ್ನು ‘ಹಿಡನ್’ ವಿಭಾಗಕ್ಕೆ ಸರಿಸುವುದುಂಟು, ಅಲ್ಲಿಯೂ ಹುಡುಕಬೇಕು.

3. ದಾಖಲೆಯಲ್ಲಿರುವ ‘ಟೋಕನ್ ಯುಆರ್‌ಐ’ ವಿಳಾಸವನ್ನು ಬ್ರೌಸರ್‌ನಲ್ಲಿ ತೆರೆಯಬೇಕು. ಕಡತ ತೆರೆದು, ಅದರೊಳಗಿನ ಚಿತ್ರದ ವಿಳಾಸವೂ ತೆರೆದರೆ, ದೋಷ ಮಾರುಕಟ್ಟೆಯ ಹಳೆಯ ಪ್ರತಿಯಲ್ಲಿದೆ. ಆಗ ವಸ್ತುವಿನ ಪುಟದಲ್ಲಿ ‘ರಿಫ್ರೆಶ್ ಮೆಟಾಡೇಟಾ’ ಸೌಲಭ್ಯವನ್ನು ಒಮ್ಮೆ ಬಳಸಿ ಕಾಯುವುದು ಸಾಕು. ಪದೇ ಪದೇ ಒತ್ತುವುದರಿಂದ ಹೆಚ್ಚಿನ ಪ್ರಯೋಜನವಿಲ್ಲ.

4. ಕಡತ ತೆರೆದರೂ ಚಿತ್ರ ತೆರೆಯದಿದ್ದರೆ, ಚಿತ್ರದ ವಿಳಾಸದಲ್ಲಿ ಅಕ್ಷರದೋಷ, ಅಳಿಸಿದ ಕಡತ ಅಥವಾ ಮಾರುಕಟ್ಟೆ ಒಪ್ಪದ ಮಾದರಿಯ ಕಡತ ಕಾರಣವಾಗಿರಬಹುದು. ಇದನ್ನು ಸರಿಪಡಿಸಬೇಕಾದವನು ಖರೀದಿದಾರನಲ್ಲ, ವಸ್ತುವನ್ನು ಸೃಷ್ಟಿಸಿದವನು.

5. ವಿಳಾಸವು ‘ಐಪಿಎಫ್‌ಎಸ್’ ಎಂದು ಆರಂಭವಾದರೆ ಅನೇಕ ಬ್ರೌಸರ್‌ಗಳು ಅದನ್ನು ನೇರವಾಗಿ ತೆರೆಯಲಾರವು. ‘ಗೇಟ್‌ವೇ’ ತಾಣದ ಮೂಲಕ ತೆರೆಯಬೇಕು. ಒಂದು ಗೇಟ್‌ವೇ ವಿಫಲವಾದರೆ ಮತ್ತೊಂದನ್ನು ಪ್ರಯತ್ನಿಸಬಹುದು. ಯಾವುದರಲ್ಲಿಯೂ ಸಿಗದಿದ್ದರೆ ಆ ಕಡತವನ್ನು ಯಾರೂ ಉಳಿಸಿಕೊಂಡಿಲ್ಲವೆಂದು ಭಾವಿಸಬೇಕಾಗುತ್ತದೆ. ಐಪಿಎಫ್‌ಎಸ್‌ನಲ್ಲಿ ಹಾಕಿದ ಮಾತ್ರಕ್ಕೆ ಕಡತ ಶಾಶ್ವತವಲ್ಲ. ಯಾರಾದರೊಬ್ಬರು ಅದನ್ನು ‘ಪಿನ್’ ಮಾಡಿಟ್ಟುಕೊಳ್ಳಬೇಕು.

ಮೂಲ ಕಡತದ ಮಹತ್ವ

ಐಪಿಎಫ್‌ಎಸ್‌ನ ವಿಳಾಸವು ಕಡತದ ಒಳವಸ್ತುವಿನಿಂದಲೇ ಹುಟ್ಟುತ್ತದೆ. ಮೂಡುಬಿದಿರೆಯ ಛಾಯಾಗ್ರಾಹಕರೊಬ್ಬರು ಸಾವಿರ ಕಂಬದ ಬಸದಿಯ 20 ಚಿತ್ರಗಳನ್ನು ಮಾರಿದ್ದಾರೆ, ಆ ಬಳಿಕ ಕಡತಗಳು ಜಾಲದಿಂದ ಮರೆಯಾದುವು ಎಂದು ಭಾವಿಸೋಣ. ಮೂಲ ಕಡತಗಳು ಅವರಲ್ಲಿದ್ದರೆ, ಮೊದಲಿನ ಕ್ರಮದಲ್ಲೇ ಪುನಃ ಸೇರಿಸಿ ಪಿನ್ ಮಾಡಿದಾಗ ಹಳೆಯ ವಿಳಾಸಗಳೇ ಜೀವಂತವಾಗುತ್ತವೆ. ಚಿತ್ರದ ಬಣ್ಣವನ್ನು ತುಸು ತಿದ್ದಿ ಉಳಿಸಿದ್ದರೂ ವಿಳಾಸ ಬದಲಾಗಿ, ಮಾರಾಟವಾದ ದಾಖಲೆಗೆ ಅದು ಹೊಂದದು. ಆದ್ದರಿಂದ ಮೂಲ ಕಡತಗಳ ಎರಡು ಪ್ರತಿಗಳನ್ನು ಬೇರೆ ಬೇರೆ ಕಡೆ ಇರಿಸುವುದು ಮಾರಾಟಗಾರನ ಹೊಣೆ.

ಕೇವಲ ಒಂದು ಸಂಸ್ಥೆಯ ತಾಣವನ್ನು ನೆಚ್ಚಿದರೆ ಏನಾಗುತ್ತದೆ ಎಂಬುದಕ್ಕೆ ಎಫ್‌ಟಿಎಕ್ಸ್ ಪ್ರಕರಣ ಸಾಕ್ಷಿ. 2022ರ ನವೆಂಬರ್‌ನಲ್ಲಿ ಆ ವಿನಿಮಯ ಸಂಸ್ಥೆ ದಿವಾಳಿ ಅರ್ಜಿ ಸಲ್ಲಿಸಿತು. ಬಳಿಕ ಅದರ ತಾಣದಲ್ಲಿ ಕಡತಗಳನ್ನಿರಿಸಿದ್ದ ಎನ್‌ಎಫ್‌ಟಿಗಳ ಚಿತ್ರಗಳು ಇತರ ಮಾರುಕಟ್ಟೆಗಳಲ್ಲಿಯೂ ಕಾಣದಾದುವು. ಮಾಲೀಕತ್ವದ ದಾಖಲೆಗಳು ಮಾತ್ರ ಬ್ಲಾಕ್‌ಚೈನ್‌ನಲ್ಲಿ ಹಾಗೆಯೇ ಉಳಿದುವು.

ತೆರಿಗೆಯ ದೃಷ್ಟಿ

2022ರ ಹಣಕಾಸು ಕಾಯ್ದೆಯು ಎನ್‌ಎಫ್‌ಟಿಗಳನ್ನು ವರ್ಚುವಲ್ ಡಿಜಿಟಲ್ ಆಸ್ತಿಯ ವ್ಯಾಪ್ತಿಗೆ ತಂದಿತು. ಭೌತಿಕ ವಸ್ತುವಿನ ಮಾಲೀಕತ್ವವೂ ಕಾನೂನುಬದ್ಧವಾಗಿ ವರ್ಗವಾಗುವಂತಹವನ್ನು 2022ರ ಜೂನ್ 30ರ ಅಧಿಸೂಚನೆ ಹೊರಗಿಟ್ಟಿದೆ. ವರ್ಗಾವಣೆಯ ಆದಾಯಕ್ಕೆ ತೆರಿಗೆಯ ದರ ಶೇ. 30, ನಿಗದಿತ ಮಿತಿ ಮೀರಿದ ವ್ಯವಹಾರಗಳಲ್ಲಿ ಮೂಲದಲ್ಲಿಯೇ ಶೇ. 1ರ ಕಡಿತ. ಖರೀದಿ ಬೆಲೆಯ ಹೊರತು ಬೇರಾವ ವೆಚ್ಚವನ್ನೂ ಕಳೆಯುವಂತಿಲ್ಲ. ನಷ್ಟವನ್ನು ಇತರ ಆದಾಯದೊಡನೆ ಹೊಂದಿಸುವಂತಿಲ್ಲ, ಮುಂದಿನ ವರ್ಷಕ್ಕೆ ಒಯ್ಯುವಂತಿಲ್ಲ.

ಇದರಿಂದ ಎರಡು ವಿಷಯಗಳು ಸ್ಪಷ್ಟ. ಚಿತ್ರ ಕಾಣದಿರುವುದು ವರ್ಗಾವಣೆಯಲ್ಲ. ಆದ್ದರಿಂದ ಅದನ್ನು ನಷ್ಟವೆಂದು ಲೆಕ್ಕಕ್ಕೆ ತಂದು ತೆರಿಗೆ ತಗ್ಗಿಸಲಾಗದು. ಹಾಗೆಯೇ ಗಾಬರಿಯಿಂದ ಅಗ್ಗಕ್ಕೆ ಮಾರಿದರೆ ಆ ನಷ್ಟಕ್ಕೂ ಪರಿಹಾರವಿಲ್ಲ. ಖರೀದಿಯ ದಿನಾಂಕ, ರೂಪಾಯಿ ಮೌಲ್ಯ, ವಹಿವಾಟಿನ ಸಂಖ್ಯೆ, ಖರೀದಿ ದಿನದ ಪುಟದ ಪ್ರತಿ ಹಾಗೂ ಮೆಟಾಡೇಟಾ ಕಡತ ಇವನ್ನು ವೋಚರ್‌ನೊಂದಿಗೆ ಇರಿಸತಕ್ಕದ್ದು.

ಎಚ್ಚರಿಕೆ

ಚಿತ್ರ ಕಾಣದೆ ಕಂಗೆಟ್ಟವರನ್ನು ವಂಚಕರು ಹುಡುಕಿಕೊಂಡು ಬರುತ್ತಾರೆ. ಸಹಾಯಕೇಂದ್ರದವರೆಂದು ಹೇಳಿ ವ್ಯಾಲೆಟ್‌ನ 12 ಅಥವಾ 24 ಪದಗಳ ಗುಪ್ತ ವಾಕ್ಯವನ್ನು ಕೇಳಿದರೆ ಯಾವ ಕಾರಣಕ್ಕೂ ಕೊಡಕೂಡದು. ಮೇಲೆ ಹೇಳಿದ ಪರಿಶೀಲನೆಯ ಯಾವ ಹಂತಕ್ಕೂ ಆ ಪದಗಳು ಬೇಕಾಗಿಲ್ಲ. ಅದನ್ನು ಪಡೆದವನು ಸ್ವತ್ತನ್ನು ತನ್ನ ಹೆಸರಿಗೆ ವರ್ಗಾಯಿಸಿಕೊಂಡರೆ ಹಿಂದಕ್ಕೆ ತರುವ ಬ್ಯಾಂಕ್ ಅಲ್ಲಿಲ್ಲ. ಖರೀದಿಗೆ ಮುಂಚೆಯೇ ಕಡತ ಎಲ್ಲಿದೆ, ಯಾರು ಪಿನ್ ಮಾಡಿದ್ದಾರೆ ಎಂದು ಮಾರಾಟಗಾರನಿಂದ ಲಿಖಿತವಾಗಿ ಪಡೆಯುವುದು ಸದಸ್ಯರಿಗೆ ಹಿತಕರ.