ಮನೆಯ ದುಡ್ಡು ಮೊದಲು ಯಾರ ಪಾದಕ್ಕೆ?

ಚಪ್ಪಲಿಯ ಖರ್ಚಿಗೆ ನಮ್ಮ ಮನೆಗಳ ಲೆಕ್ಕದಲ್ಲಿ ಜಾಗವೇ ಇಲ್ಲ. ದಿನಸಿ, ಗ್ಯಾಸು, ಕರೆಂಟು, ಸಂಘದ ಕಂತು, ಮಕ್ಕಳ ಫೀಸು ಎಲ್ಲವೂ ತಿಂಗಳ ಮೊದಲಿಗೇ ತಲೆಯಲ್ಲಿರುತ್ತವೆ. ಚಪ್ಪಲಿ ಮಾತ್ರ ಉಂಗುಷ್ಟ ಕಿತ್ತ ದಿನ ನೆನಪಾಗುತ್ತದೆ. ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯ ಮನೆಗಳ ಖರ್ಚುವೆಚ್ಚವನ್ನು ಗಮನಿಸುತ್ತ ಬಂದ ನನಗೆ ಒಂದು ಸಂಗತಿ ಎದ್ದು ಕಾಣುತ್ತದೆ. ಮನೆಯ ಒಳ್ಳೆಯ ಮೆಟ್ಟು ನಾಲ್ಕು ಜನರ ಕಣ್ಣಿಗೆ ಬೀಳುವವರದು. ಕಾಲೇಜಿಗೆ ಹೋಗುವ ಮಗನಿಗೆ ಸ್ಪೋರ್ಟ್ಸ್ ಶೂ, ಯಜಮಾನರಿಗೆ ಮದುವೆ ಮನೆಗೆಂದು ಎತ್ತಿಟ್ಟ ಹೊಳಪಿನ ಶೂ. ರೇಷ್ಮೆ ನೂಲು ತೆಗೆಯುವ ಘಟಕದಲ್ಲಿ ಒದ್ದೆ ನೆಲದ ಮೇಲೆ ನಿಲ್ಲುವ ಹೆಂಗಸಿಗೆ, ಶಾಲೆಯ ಬಿಸಿಯೂಟ ಬೇಯಿಸುವ ಅಮ್ಮನಿಗೆ, ಬಟ್ಟೆ ಅಂಗಡಿಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಗಿರಾಕಿ ನೋಡುವ ಹುಡುಗಿಗೆ ಸಂತೆಯ ಹವಾಯಿ. ಈ ಸರದಿ ತಿರುಗಬೇಕು ಎಂಬುದು ನನ್ನ ವಾದ. ಗಟ್ಟಿ ನೆಲದ ಮೇಲೆ ಹೆಚ್ಚು ಹೊತ್ತು ನಿಲ್ಲುವವರು ಯಾರೋ, ಪಾದರಕ್ಷೆಯ ಮೊದಲ ದುಡ್ಡು ಅವರದು.

ಮೊದಲು ಬರೀ ದುಡ್ಡಿನ ಲೆಕ್ಕವನ್ನೇ ನೋಡೋಣ. 150 ರೂಪಾಯಿಯ ಹವಾಯಿ, ದಿನವಿಡೀ ಮೆಟ್ಟುವವರಿಗೆ ನಾಲ್ಕು ತಿಂಗಳು ಬರುತ್ತದೆ ಎಂದಿಟ್ಟುಕೊಳ್ಳಿ. ಎರಡು ವರ್ಷಕ್ಕೆ ಆರು ಜೊತೆ, ಒಟ್ಟು 900 ರೂಪಾಯಿ. ಅದೇ 900 ರೂಪಾಯಿಗೆ ಹಿಮ್ಮಡಿಗೆ ಪಟ್ಟಿಯಿರುವ, ಅಟ್ಟೆ ಗಟ್ಟಿಯಿರುವ ಸ್ಯಾಂಡಲ್ ಕೊಂಡು ಎರಡು ವರ್ಷ ಬಾಳಿಸಿದರೆ, ಎರಡೂ ತಿಂಗಳಿಗೆ 37 ರೂಪಾಯಿ 50 ಪೈಸೆಗೇ ಬಂದು ನಿಲ್ಲುತ್ತವೆ. ಅಗ್ಗ ಎಂದುಕೊಂಡದ್ದು ಅಗ್ಗವಲ್ಲ. ಇನ್ನು ನಾಲ್ಕು ತಿಂಗಳು ಮೆಟ್ಟಿದ ಹವಾಯಿಯನ್ನು ಕೈಗೆತ್ತಿಕೊಂಡು ನೋಡಿ: ಹಿಮ್ಮಡಿ ಊರುವ ಕಡೆ ರಬ್ಬರು ಬೆರಳಿನಷ್ಟೂ ದಪ್ಪವಿರುವುದಿಲ್ಲ, ಹೊರ ಅಂಚು ಓರೆಯಾಗಿ ಸವೆದಿರುತ್ತದೆ, ಅಂಗಾಲಿನ ಅಚ್ಚು ಕಪ್ಪಗೆ ಕೂತಿರುತ್ತದೆ. ಕೊನೆಯ ತಿಂಗಳು ಅದನ್ನು ಮೆಟ್ಟಿದರೂ ಒಂದೇ, ಬರಿಗಾಲಲ್ಲಿ ಸಿಮೆಂಟಿನ ಮೇಲೆ ನಿಂತರೂ ಒಂದೇ. ಆರು ಜೊತೆಯ ಕೊನೆಯ ತಿಂಗಳುಗಳನ್ನು ಕೂಡಿದರೆ ಎರಡು ವರ್ಷದಲ್ಲಿ ಅರ್ಧ ವರ್ಷ ಆಸರೆಯಿಲ್ಲದೆ ಕಳೆದಂತಾಯಿತು. ಹಿಮ್ಮಡಿ ನೋವು ಬಂದು ಮೂರು ದಿನ ಕೆಲಸ ತಪ್ಪಿತು ಅನ್ನಿ. ಕರ್ನಾಟಕದಲ್ಲಿ ಉದ್ಯೋಗ ಖಾತರಿಯ 2025-26ರ ಕೂಲಿಯಾದ ದಿನಕ್ಕೆ 370 ರೂಪಾಯಿಯಂತೆ ಹಿಡಿದರೂ 1,110 ರೂಪಾಯಿ ಹೋಯಿತು. ಸ್ಯಾಂಡಲಿನ ಬೆಲೆಗಿಂತ ಹೆಚ್ಚು.

‘ಒಟ್ಟಿಗೆ 900 ರೂಪಾಯಿ ಎಲ್ಲಿಂದ ತರೋದು?’ ಎಂಬ ಪ್ರಶ್ನೆಯನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ವಾರದ ಬಟವಾಡೆಯಲ್ಲಿ ಬದುಕುವ ಮನೆಗೆ ತಿಂಗಳ ಸರಾಸರಿ ಹೊಟ್ಟೆ ತುಂಬಿಸುವುದಿಲ್ಲ. ಅವತ್ತು ಕೈಯಲ್ಲಿರುವುದು 200 ರೂಪಾಯಿಯಾದರೆ 150ರ ಚಪ್ಪಲಿಯೇ ಗತಿ. ಆದರೆ ಉಂಗುಷ್ಟ ಕಿತ್ತ ದಿನ ಕೊಳ್ಳಲು ಹೊರಡುವುದೇ ಈ ಇಕ್ಕಟ್ಟಿನ ಮೂಲ. ಹಳೆಯದು ಬಾಳುತ್ತಿರುವಾಗಲೇ ವಾರಕ್ಕೆ ಹತ್ತು ರೂಪಾಯಿ ಬೇರೆ ಡಬ್ಬಿಗೆ ಬಿದ್ದರೆ ಎರಡು ವರ್ಷದೊಳಗೆ ಸಾವಿರ ದಾಟುತ್ತದೆ. ಮೊದಲ ಜೊತೆಗೆ ಅಷ್ಟು ಕಾಯಲಾಗದಿದ್ದರೆ ಮಗನ ಮುಂದಿನ ಶೂವನ್ನು ಆರು ತಿಂಗಳು ಮುಂದಕ್ಕೆ ಹಾಕಿ. ಕಂತಿನ ಮೇಲೆ ಚಪ್ಪಲಿ ಕೊಳ್ಳುವುದನ್ನಂತೂ ನಾನು ಒಪ್ಪುವುದಿಲ್ಲ. ಸವೆಯುವ ವಸ್ತುವಿಗೆ ಬಡ್ಡಿ ಕಟ್ಟಬಾರದು.

ಇನ್ನು ಪಾದದ ಕಮಾನಿನ ಮಾತು. ಅಂಗಾಲಿನ ಒಳಭಾಗದ ಬಾಗು ಮೈಭಾರವನ್ನು ಹಿಮ್ಮಡಿಗೂ ಬೆರಳ ಬುಡಕ್ಕೂ ಹಂಚುತ್ತದೆ. ಒದ್ದೆ ಕಾಲಿನ ಅಚ್ಚು ನೋಡಿ ‘ಚಪ್ಪಟೆ ಪಾದ’ ಎಂದು ಹೆದರಿಸಿ ದುಬಾರಿ ಒಳಹಾಸು ಮಾರುವವರು ಈಗ ಹೆಚ್ಚಾಗಿದ್ದಾರೆ. ನೋವಿಲ್ಲದ ಚಪ್ಪಟೆ ಪಾದ ರೋಗವಲ್ಲ, ಅದಕ್ಕೆ ಸಾವಿರಾರು ರೂಪಾಯಿ ಸುರಿಯಬೇಕಿಲ್ಲ. ಈ ವಿಷಯದಲ್ಲಿ ಜಗತ್ತೇ ಉಲ್ಲೇಖಿಸುವ ಒಂದು ಅಧ್ಯಯನ ನಡೆದದ್ದು ನಮ್ಮ ರಾಜ್ಯದಲ್ಲೇ. ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಉದಯಭಾಸ್ಕರ ರಾವ್ ಮತ್ತು ಬೆಂಜಮಿನ್ ಜೋಸೆಫ್ 2,300 ಮಕ್ಕಳ ಪಾದದ ಅಚ್ಚು ತೆಗೆದು 1992ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಪಾದರಕ್ಷೆ ಹಾಕುವ ಮಕ್ಕಳಲ್ಲಿ ಚಪ್ಪಟೆ ಪಾದ ನೂರಕ್ಕೆ 8.6, ಬರಿಗಾಲ ಮಕ್ಕಳಲ್ಲಿ 2.8. ಮುಂಭಾಗ ಮುಚ್ಚಿದ ಶೂ ಹಾಕುವವರಲ್ಲಿ ಅದು ಹೆಚ್ಚು, ಚಪ್ಪಲಿ–ಸ್ಯಾಂಡಲಿನವರಲ್ಲಿ ಕಡಿಮೆ. ಆಡುವ ವಯಸ್ಸಿನ ಮಗುವಿಗೆ ‘ಆರ್ಚ್ ಸಪೋರ್ಟ್’ ಎಂಬ ಹೆಸರಿನ ಶೂಗೆ ಹಣ ಹಾಕುವುದಕ್ಕಿಂತ ಮಣ್ಣಿನಲ್ಲಿ ಓಡಲು ಬಿಡುವುದೇ ಮೇಲು ಎಂದು ಇದರಿಂದ ನಾನು ತಿಳಿಯುತ್ತೇನೆ. ಮನೆಯ ದುಡ್ಡು ಮಕ್ಕಳಿಂದ ದುಡಿಯುವ ದೊಡ್ಡವರ ಪಾದಕ್ಕೆ ಸರಿಯಬೇಕು ಎನ್ನುವುದಕ್ಕೆ ಇದೂ ಒಂದು ಆಧಾರ.

ಹಾಗಾದರೆ ಬೆಳಗ್ಗೆ ಎದ್ದು ಮೊದಲ ಹೆಜ್ಜೆ ಊರುವಾಗ ಹಿಮ್ಮಡಿ ಚುಚ್ಚುವವರಿಗೆ? ಅಂಥವರಿಗೆ ಕಮಾನಿನ ಆಸರೆ ಉಪಯೋಗಕ್ಕೆ ಬರುತ್ತದೆ, ಆದರೆ ದುಬಾರಿಯದೇ ಬೇಕೆಂದಿಲ್ಲ. ಆಸ್ಟ್ರೇಲಿಯಾದ ಕಾರ್ಲ್ ಲ್ಯಾಂಡಾರ್ಫ್ ಮತ್ತು ಸಂಗಡಿಗರು ಇಂಥ ನೋವಿನ 135 ಜನರನ್ನು ಮೂರು ಗುಂಪು ಮಾಡಿ, ಒಂದು ಗುಂಪಿಗೆ ಬರೀ ತೆಳು ಫೋಮು, ಇನ್ನೊಂದಕ್ಕೆ ಸಿದ್ಧ ಒಳಹಾಸು, ಮತ್ತೊಂದಕ್ಕೆ ಅವರವರ ಪಾದದ ಅಚ್ಚಿಗೇ ಮಾಡಿಸಿದ್ದನ್ನು ಕೊಟ್ಟು ನೋಡಿದರು. 2006ರಲ್ಲಿ ಬಂದ ಫಲಿತಾಂಶ ಇದು: ಮೂರು ತಿಂಗಳಿಗೆ ಕೊನೆಯ ಎರಡೂ ಗುಂಪಿಗೆ ಸ್ವಲ್ಪ ಅನುಕೂಲ, ಅವೆರಡರ ನಡುವೆ ವ್ಯತ್ಯಾಸವಿಲ್ಲ, ವರ್ಷ ಕಳೆಯುವಷ್ಟರಲ್ಲಿ ಮೂರೂ ಒಂದೇ. ಯಂತ್ರದಲ್ಲಿ ಪಾದ ಸ್ಕ್ಯಾನ್ ಮಾಡಿಸಿ ಸಾವಿರಗಟ್ಟಲೆ ಕೊಡುವ ಮುನ್ನ ಇದು ಗೊತ್ತಿರಲಿ. ಕೆನಡಾದ ಕ್ಯಾಲ್ಗರಿಯ ಬೆನ್ನೋ ನಿಗ್ ಅವರ ತಂಡ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 206 ಸೈನಿಕರಿದ್ದರು. ಆರು ಬಗೆಯ ಒಳಹಾಸಿನಲ್ಲಿ ತಮಗೆ ಹಿತವೆನಿಸಿದ್ದನ್ನು ತಾವೇ ಆರಿಸಿಕೊಂಡವರಿಗೆ, ಒಳಹಾಸಿಲ್ಲದವರಿಗಿಂತ ಪೆಟ್ಟು–ನೋವು ಕಡಿಮೆಯಾಗಿತ್ತು. ಪಾದಕ್ಕೆ ಹಿತವೆನಿಸುವುದೇ ಒಂದು ಅಳತೆ ಎಂದಾಯಿತು. ಆ ಅಳತೆಗೆ ಹೆಚ್ಚು ದುಡ್ಡು ಬೇಡ, ಅಂಗಡಿಯಲ್ಲಿ ಹತ್ತು ನಿಮಿಷ ನಡೆದು ನೋಡುವ ಸಮಾಧಾನ ಬೇಕು.

‘ಡಾಕ್ಟರ್ ಚಪ್ಪಲಿ’ ಎಂಬ ಹೆಸರಿಗೆ ಮರುಳಾಗಬೇಡಿ, ಅದನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು. ಹೆಬ್ಬೆರಳಿನಿಂದ ಒತ್ತಿದರೆ ತಳ ಮುಟ್ಟುವಷ್ಟು ಮೆದುವಿದ್ದರೆ ಎರಡೇ ತಿಂಗಳಲ್ಲಿ ಚಪ್ಪಟೆಯಾಗುತ್ತದೆ. ಎರಡೂ ಕೈಯಲ್ಲಿ ಹಿಡಿದು ಬಗ್ಗಿಸಿದರೆ ಬೆರಳ ಬುಡದಲ್ಲಿ ಬಗ್ಗಬೇಕು, ನಡುಮಧ್ಯದಲ್ಲಿ ಮಡಿಸಿಕೊಳ್ಳಬಾರದು. ಒಳಗಿನ ಉಬ್ಬು ಸರಿಯಾಗಿ ಕಮಾನಿನ ಕೆಳಗೇ ಬರಬೇಕು. ಹಿಂದೆ ಮುಂದೆ ಆದರೆ ಅದೇ ಹೊಸ ನೋವು. ಅಟ್ಟೆ ಬರೀ ಅಂಟಿನ ಮೇಲೆ ನಿಂತಿದೆಯೋ ಹೊಲಿಗೆಯೂ ಇದೆಯೋ ನೋಡಿಕೊಳ್ಳಿ. 900 ರೂಪಾಯಿಯದು ಆರೇ ತಿಂಗಳಲ್ಲಿ ಬಾಯಿ ಬಿಟ್ಟರೆ ತಿಂಗಳಿಗೆ 150 ಆಯಿತು, ಮೇಲಿನ ಲೆಕ್ಕವೆಲ್ಲ ಬುಡಮೇಲು. ಅಗಲವೂ ಮುಖ್ಯ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 2021ರ ಡಿಸೆಂಬರ್‌ನಿಂದ 2022ರ ಮಾರ್ಚ್‌ವರೆಗೆ ದೇಶದ 79 ಕಡೆ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದ ಅಳೆದಾಗ, ಭಾರತೀಯರ ಪಾದ ಪಾಶ್ಚಾತ್ಯರದಕ್ಕಿಂತ ಅಗಲ ಎಂದು ಕಂಡಿತು. ಆದರೆ ಅಂಗಡಿಯ ನಂಬರು ಇಂದಿಗೂ ಬ್ರಿಟನ್ನಿನ ಲೆಕ್ಕದ್ದು. ಅಗಲ ಸಾಲದೆ ಒಂದು ನಂಬರು ದೊಡ್ಡದನ್ನು ಕೊಂಡಾಗ ಉದ್ದ ಹೆಚ್ಚಾಗಿ ಉಬ್ಬು ಮುಂದಕ್ಕೆ ಸರಿಯುತ್ತದೆ, ಆಸರೆಗೆ ಕೊಟ್ಟ ದುಡ್ಡು ವ್ಯರ್ಥ.

ಬೆಲೆಯ ವಿಷಯದಲ್ಲಿ ಒಂದು ಅನುಕೂಲವೂ ಆಗಿದೆ. 2025ರ ಸೆಪ್ಟೆಂಬರ್ 22ರಿಂದ ಜೊತೆಗೆ 2,500 ರೂಪಾಯಿವರೆಗಿನ ಪಾದರಕ್ಷೆಗೆ ಜಿಎಸ್‌ಟಿ ಶೇ. 5 ಮಾತ್ರ. ಅದಕ್ಕೆ ಮುಂಚೆ ಸಾವಿರದವರೆಗೆ ಶೇ. 12, ಅದರ ಮೇಲೆ ಶೇ. 18 ಇತ್ತು. ತೆರಿಗೆ ಬಿಟ್ಟು 2,000 ರೂಪಾಯಿಯ ಜೊತೆ ಆಗ 2,360 ಬೀಳುತ್ತಿತ್ತು, ಈಗ 2,100. ಹಳೆಯ ಬೆಲೆಯನ್ನೇ ಹೇಳಿದರೆ ಬಿಲ್ಲು ಕೇಳಿ. 1976ರಲ್ಲಿ ಶುರುವಾದ ರಾಜ್ಯ ಸರ್ಕಾರದ ಲಿಡ್ಕರ್‌ನ ಚರ್ಮದ ಚಪ್ಪಲಿಗಳನ್ನೂ ಮೈಸೂರು, ಬೆಂಗಳೂರಿಗೆ ಹೋದಾಗ ಹಾಕಿ ನೋಡಬಹುದು. ಚರ್ಮದ್ದಾದರೆ ಅಟ್ಟೆ ಸವೆದಾಗ ಬದಲಾಯಿಸಬಹುದು, ಆಗ ತಿಂಗಳ ಲೆಕ್ಕ ಇನ್ನೂ ಇಳಿಯುತ್ತದೆ. ಆದರೆ ನೀರಿನಲ್ಲಿ ನಿಲ್ಲುವ ರೇಷ್ಮೆ ನೂಲು ತೆಗೆಯುವ ಕೆಲಸಕ್ಕೆ ಚರ್ಮ ಬೇಡ, ರಬ್ಬರಿನದೇ ಇರಲಿ.

ನಮ್ಮ ಭಾಗದಲ್ಲಿ ಬರುವ ದೊಡ್ಡ ಆಕ್ಷೇಪ ಬೇರೆ. ಕೊಳ್ಳೇಗಾಲದಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಸುಮಾರು 80 ಕಿಲೋಮೀಟರ್ ಬರಿಗಾಲಲ್ಲಿ ನಡೆಯುವ ಭಕ್ತರಿದ್ದಾರೆ; ಹನೂರು, ಕೌದಳ್ಳಿ, ತಾಳಬೆಟ್ಟದ ದಾರಿಯಲ್ಲಿ ಶಿವರಾತ್ರಿಗೆ ಸಾಲುಸಾಲು ಜನ. ಅವರಿಗಿಲ್ಲದ ಆಸರೆ ನಮಗೇಕೆ ಎಂಬ ಮಾತಿಗೆ ನನ್ನ ಉತ್ತರ ಹೀಗೆ: ಹೊಲ, ಕಾಡಿನ ಮಣ್ಣಿನಲ್ಲಿ ಹುಟ್ಟಿನಿಂದ ನಡೆದು ಗಟ್ಟಿಯಾದ ಪಾದದ ಕತೆ ಬೇರೆ, ಗ್ರಾನೈಟ್ ನೆಲದ ಮೇಲೆ ಒಂದೇ ಕಡೆ ಹತ್ತು ಗಂಟೆ ನಿಲ್ಲುವ ಪಾದದ ಕತೆ ಬೇರೆ. ನಡೆಯುವಾಗ ಸ್ನಾಯು ಬಿಗಿದು ಸಡಿಲಾಗುತ್ತಿರುತ್ತದೆ. ನಿಂತಲ್ಲೇ ನಿಂತರೆ ಆ ಬಿಡುವಿಲ್ಲ. ಪರಂಪರೆಯ ಮಾತಿಗೆ ಬಂದರೆ, ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನಿಗೆ ಎರಡು ವರ್ಷಕ್ಕೊಮ್ಮೆ ಚರ್ಮದ ದೊಡ್ಡ ಪಾದರಕ್ಷೆ ಮಾಡಿ ಒಪ್ಪಿಸುವ ನಾಡು ನಮ್ಮದು. ಸ್ವಾಮಿ ಅದನ್ನು ಮೆಟ್ಟಿ ಕಾಡು ತಿರುಗುತ್ತಾನೆ, ಸವೆದ ಮೇಲೆ ಹೊಸದು ಬೇಕು ಎಂಬುದು ಭಕ್ತರ ನಂಬಿಕೆ.

ಸಕ್ಕರೆ ಕಾಯಿಲೆ ಇರುವವರ ಬಗ್ಗೆ ಮಾತ್ರ ನಾನು ರಾಜಿಯಾಗಲಾರೆ. ಪಾದದ ಸ್ಪರ್ಶ ಮಂಕಾದವರಿಗೆ ಕಾದ ಡಾಂಬರಿನ ಬಿಸಿಯೂ ತಿಳಿಯುವುದಿಲ್ಲ, ಹೊಕ್ಕ ಮುಳ್ಳೂ ತಿಳಿಯುವುದಿಲ್ಲ. ಗಾಯ ಬಲಿತು ಬೆರಳು ತೆಗೆಸುವ ಖರ್ಚಿನ ಮುಂದೆ ಯಾವ ಚಪ್ಪಲಿಯ ಬೆಲೆಯೂ ಲೆಕ್ಕಕ್ಕಿಲ್ಲ. ಅವರಿಗೆ ಬೇಕಾದ್ದು ಎಂ.ಸಿ.ಆರ್. ಎಂಬ ಸೂಕ್ಷ್ಮರಂಧ್ರದ ಮೆದು ರಬ್ಬರಿನ ಚಪ್ಪಲಿ; ವೆಲ್ಲೂರಿನಲ್ಲಿ ಪಾಲ್ ಬ್ರ್ಯಾಂಡ್ ಮತ್ತು ಸಂಗಡಿಗರು ಕುಷ್ಠರೋಗಿಗಳ ಸ್ಪರ್ಶವಿಲ್ಲದ ಪಾದಕ್ಕಾಗಿ ನಡೆಸಿದ ಕೆಲಸದಿಂದ ಬೆಳೆದು ಬಂದದ್ದು. ಕುಷ್ಠರೋಗ ನಿರ್ಮೂಲನಾ ಕಾರ್ಯಕ್ರಮದಲ್ಲಿ ಬೇಕಾದವರಿಗೆ ಸರ್ಕಾರ ಇದನ್ನು ಉಚಿತವಾಗಿ ಕೊಡುತ್ತದೆ. ಮುಳ್ಳುಮುಳ್ಳಿನ ಆಕ್ಯುಪ್ರೆಷರ್ ಚಪ್ಪಲಿಯನ್ನು ಸ್ಪರ್ಶ ಮಂಕಾದವರು ಮುಟ್ಟಲೂ ಬಾರದು. ಹರಕೆ ಹೊತ್ತಿದ್ದರೆ, ಬರಿಗಾಲಲ್ಲಿ ಹೊರಡುವ ಮುನ್ನ ವೈದ್ಯರಿಗೆ ಪಾದ ತೋರಿಸಿ.

ಕೊನೆಯ ಆಕ್ಷೇಪ ಸ್ವತಃ ಆ ಬಿಸಿಯೂಟದ ಅಮ್ಮನದೇ: ‘ನಂಗ್ಯಾಕ ಅಷ್ಟೊಂದು ದುಡ್ಡಿಂದು, ಇದೇ ಸಾಕು ಬುಡಿ.’ ಇದನ್ನು ಒಪ್ಪಿಗೆ ಎಂದು ಮನೆಯವರು ತಿಳಿಯಬಾರದು. ಹಾಗೆಂದು ಅಂದಾಜಿನ ಮೇಲೆ ಕೊಂಡು ತಂದು ಕೈಗಿಟ್ಟರೂ ಪ್ರಯೋಜನವಿಲ್ಲ. ಸಂಜೆಗೆ ಪಾದ ಊದಿ ಬೆಳಗಿಗಿಂತ ದೊಡ್ಡದಾಗಿರುತ್ತದೆ, ಎರಡು ಪಾದದ ಅಳತೆಯೂ ಸಮ ಇರುವುದಿಲ್ಲ. ಕೆಲಸ ಮುಗಿದ ಮೇಲೆ ಅವರನ್ನೇ ಅಂಗಡಿಗೆ ಕರೆದುಕೊಂಡು ಹೋಗಿ, ನಿಲ್ಲಿಸಿಯೇ ಅಳತೆ ತೆಗೆಸಿ, ದೊಡ್ಡ ಪಾದಕ್ಕೆ ಸರಿಹೊಂದುವುದನ್ನು ಅವರೇ ಆರಿಸಲಿ.