ಕೆರೆ ಸುತ್ತುವ ಕಾಲಿಗೆ ಎಂಥ ಶೂ?

ಬೆಳಿಗ್ಗೆ ಆರಕ್ಕೆ ಮೈಸೂರಿನ ಸರಸ್ವತಿಪುರಂನಿಂದ ಕುಕ್ಕರಹಳ್ಳಿ ಕೆರೆ ಕಡೆ ಹೊರಟವರ ಕಾಲು ನೋಡುತ್ತಾ ಹೋಗುವುದು ನನ್ನ ಹಳೆಯ ಚಾಳಿ. ಹವಾಯಿ ಚಪ್ಪಲಿ, ಮಗ ಬಿಟ್ಟ ಸ್ಕೂಲ್ ಶೂ, ಸೀರೆಯಡಿ ಇಣುಕುವ ಕ್ಯಾನ್ವಾಸು, ಜೀನ್ಸಿಗೆ ಒಪ್ಪುವ ಬಿಳಿ ಸ್ನೀಕರ್ಸ್, ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ರನ್ನಿಂಗ್ ಶೂ, ಎಲ್ಲವೂ ಸಿಗುತ್ತವೆ. ನಡೆಯುವವರಿಗೆ ಇದರಲ್ಲಿ ಯಾವುದಾದರೂ ನಡೆದೀತು. ಓಡುವವರು ಮುಂದೆ ಓದಿ.

1. ಮೊದಲು ಓಟದ ಲೆಕ್ಕ ಹಾಕಿ. ವಾರಕ್ಕೆರಡು ಸಲ ಹತ್ತು ನಿಮಿಷ ಓಡಿ, ಉಳಿದದ್ದನ್ನು ಹರಟೆ ಹೊಡೆಯುತ್ತಾ ನಡೆಯುವವರಾದರೆ ಮನೆಯಲ್ಲಿರುವ ಸ್ನೀಕರ್ಸೇ ಸಾಕು. ಕೆರೆಯ ಪೂರ್ತಿ ಸುತ್ತು, ಅಂದರೆ 4–5 ಕಿ.ಮೀ., ವಾರದಲ್ಲಿ ಮೂರು ದಿನ ಓಡುವ ಆಸೆಯಿದ್ದರೆ ರನ್ನಿಂಗ್ ಶೂಗೆ ದುಡ್ಡು ಹಾಕಿ.

2. ವ್ಯತ್ಯಾಸವನ್ನು ಕೈಯಲ್ಲೇ ಹಿಡಿದು ನೋಡಿ. ಓಡುವಾಗ ಪ್ರತಿ ಹೆಜ್ಜೆಗೂ ದೇಹದ ತೂಕದ ಎರಡು–ಮೂರು ಪಟ್ಟು ಭಾರ ಒಂದೇ ಕಾಲಿನ ಮೇಲೆ ಬೀಳುತ್ತದೆ. 70 ಕೆ.ಜಿ.ಯ ಆಸಾಮಿಯ ಅಂಗಾಲಿಗೆ ಎರಡು ಕ್ವಿಂಟಾಲ್ ಹತ್ತಿರ! ಸ್ನೀಕರ್ಸ್‌ನ ಸೋಲು ಸಾಮಾನ್ಯವಾಗಿ ಚಪ್ಪಟೆ ರಬ್ಬರು. ಹಲವು ಮಾದರಿಗಳ ಮೂಲವೇ ಬ್ಯಾಸ್ಕೆಟ್‌ಬಾಲ್, ಟೆನಿಸ್ ಅಂಕಣ. ಅಲ್ಲಿ ಎಡಕ್ಕೆ ಬಲಕ್ಕೆ ಜಿಗಿದಾಗ ಕಾಲು ಜಾರಬಾರದು, ಅಷ್ಟೇ. ಓಟ ಒಂದೇ ದಿಕ್ಕಿನದು. ಆದ್ದರಿಂದ ರನ್ನಿಂಗ್ ಶೂನಲ್ಲಿ ಹಿಮ್ಮಡಿಯಡಿ ದಪ್ಪ ಫೋಮು, ಮೇಲೆ ಗಾಳಿಯಾಡುವ ಜಾಲರಿ ಬಟ್ಟೆ, ಬೆರಳ ಬುಡದಲ್ಲಿ ಬಾಗುವ ಗುಣ. ಅಂಗಡಿಯಲ್ಲೇ ಬಗ್ಗಿಸಿ ನೋಡಿ: ನಡುಮಧ್ಯದಲ್ಲಿ ಪುಸ್ತಕದಂತೆ ಮಡಚಿಕೊಂಡರೆ ವಾಪಸ್ ಇಡಿ. ತೂಕವನ್ನೂ ಗಮನಿಸಿ. ಒಂದೊಂದು ಶೂ 100 ಗ್ರಾಂ ಭಾರವಾದರೆ ಓಟದ ಶ್ರಮ ಸುಮಾರು ಶೇ. 1ರಷ್ಟು ಹೆಚ್ಚುತ್ತದೆ.

3. ‘ನಿಮ್ಮ ಪಾದ ಒಳಕ್ಕೆ ವಾಲುತ್ತೆ ಸಾರ್’ ಎಂದರೆ ಹೆದರಬೇಡಿ. ಒಂದು ಅಂಗಡಿಯಲ್ಲಿ ನನ್ನನ್ನೂ ಹೀಗೇ ಹೆದರಿಸಿ, ಇಟ್ಟಿಗೆಯಂಥ ಗಡುಸು ಜೋಡಿಯೊಂದನ್ನು ದುಬಾರಿ ಬೆಲೆಗೆ ಕಟ್ಟಿಕೊಟ್ಟರು. ಅದೀಗ ಅಟ್ಟದ ಮೇಲಿದೆ. 2014ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಅಧ್ಯಯನವೊಂದು 900ಕ್ಕೂ ಹೆಚ್ಚು ಹೊಸ ಓಟಗಾರರಿಗೆ ಒಂದೇ ಬಗೆಯ ಸಾದಾ ರನ್ನಿಂಗ್ ಶೂ ಕೊಟ್ಟು ಒಂದು ವರ್ಷ ಗಮನಿಸಿತ್ತು. ಪಾದ ಒಳಕ್ಕೆ ವಾಲುವವರಿಗೆ ನೋವು ಹೆಚ್ಚೇನೂ ಕಾಡಲಿಲ್ಲ. ಹಾಕಿಕೊಂಡ ಕ್ಷಣ ಹಿತವೆನಿಸಿತೇ? ಅದನ್ನೇ ಕೊಳ್ಳಿ. ‘ಹಾಕ್ತಾ ಹಾಕ್ತಾ ಸರಿಹೋಗುತ್ತೆ’ ಎಂಬ ಮಾತು ಮದುವೆಯ ಚಪ್ಪಲಿಗೆ ಇರಲಿ.

4. ಸಂಜೆ ಹೋಗಿ ಕೊಳ್ಳಿ. ದಿನವಿಡೀ ಓಡಾಡಿದ ಪಾದ ತುಸು ಊದಿರುತ್ತದೆ, ಓಡುವಾಗಲೂ ಹಾಗೇ. ಓಡುವ ಸಾಕ್ಸನ್ನೇ ಹಾಕಿಕೊಂಡು, ಎರಡೂ ಕಾಲಿಗೆ ತೊಟ್ಟು, ಎದ್ದು ನಿಲ್ಲಿ. ಉದ್ದದ ಬೆರಳಿನ ಮುಂದೆ ಕೈಯ ಹೆಬ್ಬೆರಳಿನಗಲ ಜಾಗ ಬೇಕು.

5. ಸೋಲಿನೊಳಗೆ ಕಾರ್ಬನ್ ತಗಡಿಟ್ಟ ಶೂ ಬೇಡ. 2019ರಲ್ಲಿ ವಿಯೆನ್ನಾದಲ್ಲಿ ಎಲಿಯುಡ್ ಕಿಪ್ಚೋಗೆ 1 ಗಂಟೆ 59 ನಿಮಿಷ 40 ಸೆಕೆಂಡಿನಲ್ಲಿ ಮ್ಯಾರಥಾನ್ ದೂರ ಮುಗಿಸಿದಾಗ ಕಾಲಲ್ಲಿದ್ದದ್ದು ಅಂಥದ್ದೇ. ಮರುವರ್ಷವೇ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ ರಸ್ತೆ ಓಟದ ಶೂಗಳ ಸೋಲಿನ ದಪ್ಪ 40 ಮಿ.ಮೀ. ದಾಟಬಾರದೆಂದು ಗೆರೆ ಎಳೆಯಿತು. ಅಂಥ ಶೂನಿಂದ ನಮಗೆ ಉಳಿಯುವ ಅರ್ಧ ನಿಮಿಷದಲ್ಲಿ ಫಿಲ್ಟರ್ ಕಾಫಿಯೂ ಇಳಿಯುವುದಿಲ್ಲ.

6. ಬರಿಗಾಲಲ್ಲಿ ಓಡುವುದೇ ಒಳ್ಳೆಯದೆಂಬ ವಾದಕ್ಕೆ ಬಲಿಯಾಗಬೇಡಿ. ಅಬೆಬೆ ಬಿಕಿಲ 1960ರ ರೋಮ್ ಒಲಿಂಪಿಕ್ಸ್ ಮ್ಯಾರಥಾನನ್ನು ಬರಿಗಾಲಲ್ಲಿ ಗೆದ್ದದ್ದು ನಿಜ. 1964ರ ಟೋಕಿಯೊದಲ್ಲಿ ಶೂ ತೊಟ್ಟು ಇನ್ನೂ ಬೇಗ ಓಡಿದ್ದನ್ನು ಯಾರೂ ಹೇಳುವುದಿಲ್ಲ. 2020ರಲ್ಲಿ ಐಕಳ ಕಂಬಳದ ಗದ್ದೆಯಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಬರಿಗಾಲಲ್ಲೇ ಓಡಿದರು, ಆದರೆ ಕಾಲಡಿ ಕೆಸರಿತ್ತು, ಮುಂದೆ ಕೋಣಗಳಿದ್ದವು. ನಮ್ಮ ಮೇನ್ ರೋಡುಗಳಲ್ಲಿ ಜಲ್ಲಿ, ಗಾಜಿನ ಚೂರು. ಚಾಮುಂಡಿ ಬೆಟ್ಟದ ಮೆಟ್ಟಿಲನ್ನು ಹರಕೆ ಹೊತ್ತವರು ಬರಿಗಾಲಲ್ಲಿ ಹತ್ತುತ್ತಾರೆ, ಅದು ಬೇರೆ ವಿಷಯ. ಶೂ ಇರಲಿ ಬಿಡಲಿ, ಆ ಮೆಟ್ಟಿಲ ಮೇಲೆ ಓಡುತ್ತಾ ಇಳಿಯಬೇಡಿ.

7. ಶೂಗೆ ಡಾಕ್ಟರ ಕೆಲಸ ಹಚ್ಚಬೇಡಿ. 2022ರಲ್ಲಿ ಕಾಕ್ರೇನ್ ಸಂಸ್ಥೆಯವರು ಅದುವರೆಗಿನ ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿ, ಇಂಥದೇ ಶೂ ತೊಟ್ಟರೆ ಗಾಯ ತಪ್ಪುತ್ತದೆ ಎನ್ನಲು ಗಟ್ಟಿ ಪುರಾವೆ ಇಲ್ಲ ಎಂದರು. ನನಗೆ ಅದು ಮೊದಲೇ ಗೊತ್ತಾಗಿತ್ತು. ಹೊಸ ಜೋಡಿ ಬಂದ ಹುರುಪಿನಲ್ಲಿ ಮೊದಲ ದಿನವೇ ಎರಡು ಸುತ್ತು ಓಡಿ, ಮೀನಖಂಡ ಹಿಡಿದುಕೊಂಡು, ಮೂರು ದಿನ ಗೋಡೆ ಹಿಡಿದು ಬಚ್ಚಲಿಗೆ ಹೋದೆ. ನೀವು ಹಾಗೆ ಮಾಡದೆ, ಮೊದಲ ವಾರಗಳಲ್ಲಿ ಎರಡು ನಿಮಿಷ ಓಟ, ಎರಡು ನಿಮಿಷ ನಡಿಗೆ ಇಟ್ಟುಕೊಳ್ಳಿ. ಡಾಂಬರಿಗಿಂತ ಕೆರೆ ಏರಿಯ ಮಣ್ಣುಹಾದಿ ಮೇಲು.

8. ಓಡುವ ಶೂ ಓಡಲಿಕ್ಕೆ ಮಾತ್ರ. ತರಕಾರಿಗೆ, ಆಫೀಸಿಗೆ ಹಾಕಿದರೆ ಫೋಮು ಬೇಗ ಸಾಯುತ್ತದೆ. 500ರಿಂದ 800 ಕಿ.ಮೀ. ಅದರ ಆಯಸ್ಸು, ಮೇಲೆ ಹೊಳೆಯುತ್ತಿದ್ದರೂ ಒಳಗೆ ಹಪ್ಪಳವಾಗಿರುತ್ತದೆ. ಮಳೆಯಲ್ಲಿ ನೆಂದರೆ ಬಿಸಿಲಿಗೆ ಒಡ್ಡಬೇಡಿ, ಒಳಗೆ ಹಳೇ ಪೇಪರ್ ತುರುಕಿ ನೆರಳಲ್ಲಿಡಿ. ಸವೆದದ್ದನ್ನು ಎಸೆಯಬೇಕಿಲ್ಲ. ನನ್ನ ಹಿಂದಿನ ಜೋಡಿ ಹಾಕಿಕೊಂಡು ಮನೆಯಾಕೆ ಈಗ ಗಿಡಗಳಿಗೆ ನೀರು ಹಾಕುತ್ತಾಳೆ.